ಜೋಗದ ಬಂಡೆಯ ಬಿಳಿಹೊಟ್ಟೆ ಬಾನಾಡಿ: ನೆಲಕ್ಕೆ ಬಿದ್ದರೆ ಮೇಲಕ್ಕೆಸೆಯಬೇಡಿ

ಪ್ರಶ್ನೆ: ಜೋಗದಲ್ಲಿ ಸಂಜೆ ಹೊತ್ತು ಬಂಡೆಯ ಮುಂದೆ ತುಂಬ ಹಕ್ಕಿಗಳು ಬಿರುಸಾಗಿ ಸುತ್ತು ಹಾಕುತ್ತಿದ್ದವು. ಹೊಟ್ಟೆ ಬಿಳಿ, ರೆಕ್ಕೆ ಉದ್ದ. ಒಂದಾದರೂ ಕೊಂಬೆಯ ಮೇಲಾಗಲಿ ತಂತಿಯ ಮೇಲಾಗಲಿ ಕೂರಲಿಲ್ಲ. ಜೊತೆಗಿದ್ದವರಲ್ಲಿ ಒಬ್ಬರು ಕವಲುತೋಕೆ ಎಂದರು, ಇನ್ನೊಬ್ಬರು ಬಾವಲಿ ಎಂದರು. ಇವು ಬೀಳುವ ನೀರಿನ ಹಿಂದೆ ಗೂಡು ಕಟ್ಟುತ್ತವೆಯೇ? ಮಳೆಗಾಲದಲ್ಲಿ ಹೊಟ್ಟೆಗೆ ಏನು ಮಾಡುತ್ತವೆ? ಹೋದ ಜೂನ್‌ನಲ್ಲಿ ಸಾಗರದ ನಮ್ಮ ಮನೆಯಂಗಳದಲ್ಲಿ ಇಂಥದೇ ಒಂದು ಹಕ್ಕಿ ತೆವಳುತ್ತಿತ್ತು. ನೆಲದಿಂದ ತಾನಾಗಿ ಏಳಲಾರದು ಎಂದು ಕೇಳಿದ್ದರಿಂದ ಮೇಲಕ್ಕೆ ಎಸೆದೆವು, ಬಿದ್ದು ಸತ್ತಿತು. ಏನು ಮಾಡಬೇಕಿತ್ತು?

ಉತ್ತರ: ನೀವು ನೋಡಿದ್ದು ಆಲ್ಪೈನ್ ಸ್ವಿಫ್ಟ್, ಬಾನಾಡಿಗಳ (ಇಂಗ್ಲಿಷಿನ ಸ್ವಿಫ್ಟ್‌ಗಳ) ಕುಟುಂಬದ ದೊಡ್ಡ ಹಕ್ಕಿಗಳಲ್ಲಿ ಒಂದು. ವೈಜ್ಞಾನಿಕ ಹೆಸರು ಟ್ಯಾಕಿಮಾರ್ಪ್ಟಿಸ್ ಮೆಲ್ಬಾ. 1758ರಲ್ಲಿ ಸ್ವೀಡನ್‌ನ ಜೀವವಿಜ್ಞಾನಿ ಲಿನೇಯಸ್ ಇದನ್ನು ವಿವರಿಸಿದಾಗ ಕವಲುತೋಕೆಗಳ ಜೊತೆಗೇ ಇಟ್ಟಿದ್ದ. ಹಾಗಾಗಿ ನಿಮ್ಮ ಜೊತೆಗಿದ್ದವರು ಕವಲುತೋಕೆ ಎಂದದ್ದು ಅಚ್ಚರಿಯೇನಲ್ಲ. ಆದರೆ ಇವೆರಡರ ನಂಟು ಬಹಳ ದೂರದ್ದು. ಕವಲುತೋಕೆ ಗುಬ್ಬಿ, ಪಿಕಳಾರಗಳ ಗುಂಪಿಗೆ ಸೇರಿದ್ದು. ಬಾನಾಡಿಗೆ ಹತ್ತಿರದ ಬಂಧು ಅಮೆರಿಕ ಖಂಡಗಳ ಹಮ್ಮಿಂಗ್‌ಬರ್ಡ್. ಹಾರುತ್ತಲೇ ಹುಳ ಹಿಡಿದು ಬದುಕುವ ಕಸುಬು ಇಬ್ಬರನ್ನೂ ನೋಡಲು ಒಂದೇ ತರಹ ಮಾಡಿದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಕೊಕ್ಕಿನಿಂದ ಬಾಲದ ತುದಿಯವರೆಗೆ 20ರಿಂದ 23 ಸೆಂ.ಮೀ., ಬಿಚ್ಚಿದ ರೆಕ್ಕೆಗಳ ಅಗಲ 54ರಿಂದ 60 ಸೆಂ.ಮೀ., ತೂಕ 75ರಿಂದ 120 ಗ್ರಾಂ. ಬೆನ್ನು ಮಾಸಲು ಕಂದು. ಗಂಟಲು ಮತ್ತು ಹೊಟ್ಟೆ ಬಿಳಿ, ಇವೆರಡರ ನಡುವೆ ಎದೆಗೆ ಅಡ್ಡಲಾಗಿ ಒಂದು ಕಂದು ಪಟ್ಟಿ. ಗಂಟಲಿನ ಬಿಳಿ ದೂರಕ್ಕೆ ಕಾಣಿಸದೆ ಹೋಗಬಹುದು. ಹೊಟ್ಟೆಯ ಬಿಳಿ ಮತ್ತು ಎದೆಪಟ್ಟಿ ಮಾತ್ರ ತಪ್ಪುವುದಿಲ್ಲ. ರೆಕ್ಕೆ ಕುಡುಗೋಲಿನಂತೆ ಬಾಗಿರುತ್ತದೆ, ಬಡಿತ ನಿಧಾನ, ಆಳ. ಊರಿನ ಕಟ್ಟಡಗಳಲ್ಲಿ ಗೂಡು ಕಟ್ಟುವ ಮನೆ ಬಾನಾಡಿ ಇದಕ್ಕಿಂತ ಬಹಳ ಚಿಕ್ಕದು, ಸುಮಾರು 15 ಸೆಂ.ಮೀ.; ಅದರ ಹೊಟ್ಟೆ ಕಪ್ಪು, ಬಿಳಿ ಇರುವುದು ಗಂಟಲಿನಲ್ಲಿ ಮತ್ತು ಬೆನ್ನಿನ ಕೆಳಭಾಗದಲ್ಲಿ. ತಾಳೆ ಬಾನಾಡಿ ತೆಳ್ಳಗೆ, ಪೂರ್ತಿ ಕಂದು. ಘಟ್ಟದ ಕಾಡಿನ ಮೇಲೆ ಹಾರುವ, ಬಾಲದಲ್ಲಿ ಮುಳ್ಳುಗಳಿರುವ ದೊಡ್ಡ ಬಾನಾಡಿ ಗಾತ್ರದಲ್ಲಿ ಆಲ್ಪೈನ್ ಸ್ವಿಫ್ಟ್‌ಗೆ ಸಮ, ಆದರೆ ಅದರ ಹೊಟ್ಟೆ ಕಪ್ಪು, ಬಾಲದ ಬುಡದಲ್ಲಷ್ಟೇ ಬಿಳಿ. ಬಂಡೆಗೆ ಒತ್ತಿಕೊಂಡೇ ಹಾರುವ ಕಂದು ಬಣ್ಣದ, ಅಗಲ ರೆಕ್ಕೆಯ ಸಣ್ಣ ಹಕ್ಕಿ ಕಂಡರೆ ಅದು ಕವಲುತೋಕೆಯ ಕುಟುಂಬದ ಬಂಡೆ ಹಕ್ಕಿ. ಬಾವಲಿ ಹಾರುವಾಗ ತಡೆದು ತಡೆದು ದಿಕ್ಕು ಬದಲಿಸುತ್ತದೆ, ಬಾನಾಡಿಯ ಹಾಗೆ ರೆಕ್ಕೆ ಬಡಿಯದೆ ದೂರ ತೇಲುವುದಿಲ್ಲ. ದನಿ ಕೇಳಿದರೆ ಅನುಮಾನವೇ ಉಳಿಯದು: ಆಲ್ಪೈನ್ ಸ್ವಿಫ್ಟ್‌ಗಳ ಗುಂಪು ಗೂಡಿನ ಬಂಡೆಯ ಮುಂದೆ ಸುತ್ತುವಾಗ ಚಿಟಚಿಟ ಎಂದು ವೇಗವಾಗಿ ಏರಿ, ಕೊನೆಗೆ ನಿಧಾನವಾಗಿ ಇಳಿಯುವ ಉಲಿಯನ್ನು ಎಲ್ಲವೂ ಒಟ್ಟಿಗೆ ಹೊರಡಿಸುತ್ತವೆ.

ಈಗ ಕೂರುವ ವಿಷಯ. ಬಾನಾಡಿಗಳ ಕಾಲು ತೀರಾ ಗಿಡ್ಡ. ಕೊಂಬೆ ಹಿಡಿಯುವ ಹಕ್ಕಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ ಇರುತ್ತದೆ. ಹಿಂದಿನ ಬೆರಳು ಮುಂದಿನವಕ್ಕೆ ಎದುರಾಗಿ ಬಿಗಿಯುವುದರಿಂದಲೇ ಹಿಡಿತ ಸಿಗುವುದು. ಆಲ್ಪೈನ್ ಸ್ವಿಫ್ಟ್‌ನ ನಾಲ್ಕೂ ಬೆರಳು ಮುಂದಕ್ಕೆ ತಿರುಗುತ್ತವೆ, ತುದಿಯಲ್ಲಿ ಬಾಗಿದ ಚೂಪಾದ ಉಗುರು. ಇದರಿಂದ ಕೊಂಬೆ ಹಿಡಿಯಲು ಆಗದು, ನೆಟ್ಟಗಿನ ಒರಟು ಬಂಡೆಗೆ ನೇತು ಬೀಳಲು ಚೆನ್ನಾಗಿ ಆಗುತ್ತದೆ. ಬಂಡೆಯಿಂದ ಹಾರುವಾಗ ಅದು ನೆಗೆಯುವುದೂ ಇಲ್ಲ. ಉಗುರು ಬಿಡುತ್ತದೆ, ಒಂದೆರಡು ಮೀಟರ್ ಕೆಳಕ್ಕೆ ಬೀಳುತ್ತದೆ, ಆ ಬೀಳುವ ವೇಗದಲ್ಲೇ ರೆಕ್ಕೆಗೆ ಗಾಳಿ ಸಿಗುತ್ತದೆ. ಈ ಹಕ್ಕಿಯ ಬದುಕಿನ ಬಹುಪಾಲು ಸಂಗತಿಗಳಿಗೆ ಕಾರಣ ಇಲ್ಲಿದೆ: ಅದಕ್ಕೆ ಬೇಕಾದ್ದು ಕೆಳಗೆ ಖಾಲಿ ಗಾಳಿ ಇರುವ ಜಾಗ. ನೆಲ ಅದರ ಲೆಕ್ಕದಲ್ಲೇ ಇಲ್ಲ.

ಹಾಗಾದರೆ ನೆಲದಿಂದ ಏಳಲಾರದೇ? ನೀವು ಕೇಳಿದ್ದು ಅರ್ಧ ನಿಜ. ಆರೋಗ್ಯವಾಗಿರುವ, ಒಣಗಿದ, ಬೆಳೆದ ಬಾನಾಡಿ ಬಯಲಿನ ಗಟ್ಟಿ ನೆಲದಲ್ಲಿದ್ದರೆ ರೆಕ್ಕೆಯನ್ನು ನೆಲಕ್ಕೆ ಒತ್ತಿ ಬಡಿದು ಮೇಲೇಳಬಲ್ಲದು. ಎತ್ತರದ ಹುಲ್ಲು, ಒದ್ದೆ ತರಗೆಲೆ, ಸುತ್ತ ಗೋಡೆಯಿರುವ ಇಕ್ಕಟ್ಟಾದ ಅಂಗಳ ಇವುಗಳಲ್ಲಿ ಮಾತ್ರ ಉದ್ದ ರೆಕ್ಕೆಗೆ ಬಡಿಯಲು ಜಾಗ ಸಿಗದೆ ಸಿಕ್ಕಿಬೀಳುತ್ತದೆ. ಆದ್ದರಿಂದ ನೆಲದ ಮೇಲೆ ಸಿಕ್ಕ ಬಾನಾಡಿ ಎಂದರೆ ಇಷ್ಟರಲ್ಲಿ ಒಂದು: ಮಳೆಗೆ ನೆನೆದಿದೆ, ಹಸಿವಿನಿಂದ ಸೋತಿದೆ, ತಂತಿಗೋ ಗಾಜಿಗೋ ಬಡಿದು ಪೆಟ್ಟಾಗಿದೆ, ಹೊತ್ತಿಗೆ ಮೊದಲೇ ಹೊರಬಿದ್ದ ಮರಿ, ಅಥವಾ ಏನೂ ಆಗದೆ ಜಾಗದಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದೆ. ಈ ಐದರಲ್ಲಿ ಕೊನೆಯದೊಂದೇ ಕೂಡಲೇ ಹಾರಬಲ್ಲದು. ಉಳಿದ ನಾಲ್ಕನ್ನು ಮೇಲಕ್ಕೆ ಎಸೆದರೆ ಹಾರದೆ ಎದೆ ಕೆಳಗಾಗಿ ಬೀಳುತ್ತವೆ. ಮೊದಲಿದ್ದ ಸಣ್ಣ ತೊಂದರೆಯ ಮೇಲೆ ಎದೆಮೂಳೆಗೋ ಒಳಗಿನ ಅಂಗಕ್ಕೋ ಹೊಸ ಪೆಟ್ಟು ಸೇರುತ್ತದೆ. ನಿಮ್ಮ ಅಂಗಳದ ಹಕ್ಕಿಗೂ ಹೀಗೇ ಆಗಿರಬೇಕು. ಮಹಡಿಯಿಂದ ಹಾರಿಬಿಡುವುದು ಇನ್ನೂ ಕೆಟ್ಟದ್ದು.

ಮಾಡಬೇಕಾದ್ದು ಹೀಗೆ. ತೆಳ್ಳನೆಯ ಹತ್ತಿ ಬಟ್ಟೆಯನ್ನು ಮೇಲೆ ಹಾಕಿ, ಎರಡೂ ರೆಕ್ಕೆ ಮೈಗೆ ಮಡಚಿರುವಂತೆ ಇಡೀ ಹಕ್ಕಿಯನ್ನು ಅಂಗೈಯಲ್ಲಿ ಎತ್ತಿಕೊಳ್ಳಿ. ರೆಕ್ಕೆಯ ತುದಿ ಹಿಡಿದು ಎತ್ತಬಾರದು. ಉಗುರು ಬೆರಳಿಗೆ ಚುಚ್ಚಿಕೊಳ್ಳಬಹುದು. ಕಿತ್ತು ಎಳೆಯದೆ ಒಂದೊಂದಾಗಿ ಬಿಡಿಸಿ. ರಟ್ಟಿನ ಪೆಟ್ಟಿಗೆ ಹುಡುಕಿ. ರೆಕ್ಕೆ ಮಡಚಿದಾಗ ಅದರ ತುದಿ ಬಾಲವನ್ನೂ ದಾಟಿ ಹೋಗುವುದರಿಂದ ಪೆಟ್ಟಿಗೆ ಕನಿಷ್ಠ 40 ಸೆಂ.ಮೀ. ಉದ್ದವಿರಲಿ. ಬದಿಗಳಲ್ಲಿ ಪೆನ್ಸಿಲ್ ಗಾತ್ರದ ಹತ್ತು ಹನ್ನೆರಡು ತೂತು ಮಾಡಿ, ತಳಕ್ಕೆ ನೂಲು ಬಿಟ್ಟಿರದ ಬಟ್ಟೆ ಹಾಸಿ. ಒಳಗಿನ ಒಂದು ಬದಿಗೆ ಸಣ್ಣ ಟವೆಲನ್ನು ಇಳಿಬಿಟ್ಟರೆ ಹಕ್ಕಿ ಅದಕ್ಕೆ ನೇತುಹಾಕಿಕೊಳ್ಳುತ್ತದೆ, ಅದಕ್ಕೆ ಅದೇ ಸಹಜ ಭಂಗಿ. ಹುಲ್ಲು, ಹೊಟ್ಟು ಹಾಕಬೇಡಿ. ತಂತಿಯ ಪಂಜರ ಖಂಡಿತ ಬೇಡ: ಸರಳಿಗೆ ಬಡಿದು ಹಾರುಗರಿಗಳು ಮುರಿಯುತ್ತವೆ, ಮುರಿದ ಗರಿ ಮುಂದಿನ ಬಾರಿ ಗರಿ ಉದುರಿ ಹೊಸದು ಬರುವ ತನಕ ಸರಿಯಾಗುವುದಿಲ್ಲ. ಉಳಿದ ಹಕ್ಕಿ ಒಂದೆರಡು ಗರಿ ಇಲ್ಲದೆಯೂ ಬದುಕೀತು, ಹಾರುತ್ತಲೇ ಉಣ್ಣುವ ಬಾನಾಡಿಗೆ ಅದು ಸಾವಿಗೆ ಸಮ.

ಮೈ ಒದ್ದೆಯಾಗಿ ತಣ್ಣಗಿದ್ದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೈಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರು ತುಂಬಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ಅರ್ಧಭಾಗದ ಕೆಳಗೆ ಇಡಿ. ಇನ್ನರ್ಧ ತಂಪಾಗಿರಲಿ, ಶಾಖ ಹೆಚ್ಚೆನಿಸಿದರೆ ಹಕ್ಕಿ ಸರಿದುಕೊಳ್ಳುತ್ತದೆ. ಹೇರ್ ಡ್ರೈಯರ್, ಒಲೆಯ ಮುಂದೆ ಹಿಡಿಯುವುದು ಬೇಡ. ಮುಚ್ಚಿ, ಕತ್ತಲೆಯ ಸದ್ದಿಲ್ಲದ ಕೋಣೆಯಲ್ಲಿ ಒಂದು ಗಂಟೆ ಬಿಡಿ. ಮಕ್ಕಳಿಗೆ ತೋರಿಸಲೆಂದು ಪದೇ ಪದೇ ತೆರೆಯುವುದರಿಂದಲೇ ಎಷ್ಟೋ ಹಕ್ಕಿ ಸಾಯುತ್ತವೆ. ಆಮೇಲೆ ಹತ್ತಿಬತ್ತಿಯನ್ನು ನೀರಿನಲ್ಲಿ ಅದ್ದಿ ಕೊಕ್ಕಿನ ಅಂಚಿಗೆ, ಮೂಗಿನ ತೂತಿಗೆ ತಾಗದಂತೆ, ಒಂದು ಹನಿ ಮುಟ್ಟಿಸಿ. ತಾನಾಗಿ ನುಂಗಿದರೆ ಇನ್ನೊಂದು ಹನಿ. ಬಾಯಿ ತೆರೆದು ನೀರು ಸುರಿದರೆ ಶ್ವಾಸನಾಳಕ್ಕೆ ಇಳಿಯುತ್ತದೆ.

ಊಟದ ವಿಷಯದಲ್ಲಿ ಕರುಣೆಯೇ ಕೊಲ್ಲುವುದುಂಟು. ಅನ್ನ, ಹಾಲು, ಬ್ರೆಡ್ಡು, ಹಣ್ಣು, ಮೊಟ್ಟೆ, ಎರೆಹುಳು, ನಾಯಿ ಬೆಕ್ಕಿನ ಆಹಾರ ಯಾವುದೂ ಬೇಡ. ಇದು ಬರೀ ಕೀಟ ತಿನ್ನುವ ಹಕ್ಕಿ. ಕೆಳಗಿಟ್ಟ ಆಹಾರವನ್ನು ಅದು ಹೆಕ್ಕಿ ತಿನ್ನುವುದಿಲ್ಲ, ಬಾಯಿ ಬಿಡಿಸಿ ಚಿಮ್ಮಂಡೆಯಂಥ ಹುಳುಗಳನ್ನು ಉಣಿಸಬೇಕು. ಕೊಕ್ಕು ಮೃದು, ಅನುಭವವಿಲ್ಲದ ಕೈಗೆ ಮುರಿದುಬಿಡುತ್ತದೆ. ಹಾಗಾಗಿ ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಕಾಗಿ ಬಂದರೆ ಹಕ್ಕಿಗಳಿಗೆ ಚಿಕಿತ್ಸೆ ಮಾಡಿ ಗೊತ್ತಿರುವ ಪಶುವೈದ್ಯರಿಗೆ ಅಥವಾ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸುವುದೊಂದೇ ದಾರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕುವಂತಿಲ್ಲ, ವಲಯ ಅರಣ್ಯ ಕಚೇರಿಗೆ ತಿಳಿಸಿರುವುದು ಒಳ್ಳೆಯದು.

ಒಂದು ಗಂಟೆಯ ವಿಶ್ರಾಂತಿಯ ನಂತರ ಪರೀಕ್ಷಿಸಿ. ಎರಡು ರೆಕ್ಕೆಯೂ ಒಂದೇ ಎತ್ತರದಲ್ಲಿ, ಒಂದೇ ರೀತಿ ಮಡಚಿಕೊಂಡಿವೆಯೇ? ಒಂದು ಜೋಲುತ್ತಿದ್ದರೆ ಮೂಳೆ ಅಥವಾ ಕೀಲಿಗೆ ಪೆಟ್ಟು. ರೆಕ್ಕೆಯ ದೊಡ್ಡ ಗರಿಗಳ ಬುಡ ನೋಡಿ: ಅಲ್ಲಿ ಇನ್ನೂ ಬೂದುಬಣ್ಣದ ಕೊಳವೆಯಂಥ ಕವಚ ಇದ್ದರೆ, ರೆಕ್ಕೆಯ ತುದಿ ಬಾಲವನ್ನು ದಾಟದೆ ಇದ್ದರೆ ಅದು ಇನ್ನೂ ಬೆಳೆಯುತ್ತಿರುವ ಮರಿ, ಹಾರಿಬಿಡುವ ಮಾತೇ ಇಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಬಟ್ಟೆಯ ಸಮೇತ ತೂಗಿ, ಬಟ್ಟೆಯ ತೂಕ ಕಳೆಯಿರಿ. 75 ಗ್ರಾಂಗಿಂತ ಕಡಿಮೆ ಇದ್ದರೆ ಹಸಿದು ಸೊರಗಿದೆ ಎಂದೇ ತಿಳಿಯಿರಿ. ಕತ್ತಿನ ಹತ್ತಿರದ ಗರಿಯಿಂದ ಚಪ್ಪಟೆಯಾದ, ಏಡಿಯಂತೆ ಅಡ್ಡಡ್ಡ ಓಡುವ ನೊಣವೊಂದು ಹೊರಬರಬಹುದು. ಹೆದರಬೇಕಿಲ್ಲ, ಅದರ ಬದುಕು ಬಾನಾಡಿಯ ಮೈಮೇಲೆಯೇ. ಟಿಶ್ಯೂ ಕಾಗದದಿಂದ ಹಿಡಿದು ತೆಗೆದುಬಿಡಿ.

ಎಲ್ಲ ಸರಿಯಿದ್ದರೆ ಬೆಳಗಿನ ಹೊತ್ತು, ಮಳೆ ನಿಂತು ಆಕಾಶ ತೆರೆದಿರುವಾಗ, ಗದ್ದೆಯೋ ಆಟದ ಮೈದಾನವೋ ತಂತಿ ಮರ ಇಲ್ಲದ ಬಯಲಿಗೆ ಒಯ್ಯಿರಿ. ಚಪ್ಪಟೆಯಾಗಿ ಚಾಚಿದ ಅಂಗೈಯ ಮೇಲಿಟ್ಟು ಕೈಯನ್ನು ತಲೆಯ ಎತ್ತರಕ್ಕೆ ಹಿಡಿಯಿರಿ, ಮುಖ ಗಾಳಿ ಬರುವ ಕಡೆಗಿರಲಿ. ಹಕ್ಕಿ ನಡುಗತೊಡಗುತ್ತದೆ. ಅದು ಭಯವಲ್ಲ, ಹಾರುವ ಸ್ನಾಯುಗಳನ್ನು ಬಿಸಿ ಮಾಡಿಕೊಳ್ಳುವ ರೀತಿ. ಐದು ನಿಮಿಷ, ಕೆಲವೊಮ್ಮೆ ಹದಿನೈದು ನಿಮಿಷವೂ ಬೇಕಾದೀತು. ತಾನಾಗಿ ಹೊರಟರೆ ಸರಿ. ಹೊರಡದಿದ್ದರೆ ಪೆಟ್ಟಿಗೆಗೆ ವಾಪಸು, ವೈದ್ಯರ ಬಳಿಗೆ. ಕೈಯನ್ನು ಮೇಲಕ್ಕೆ ಜಾಡಿಸುವುದು ಕೂಡ ಎಸೆದಂತೆಯೇ.

ಈಗ ಬಂಡೆಗೆ ಬರೋಣ. ಆಲ್ಪೈನ್ ಸ್ವಿಫ್ಟ್ ಸ್ಪೇನ್‌ನಿಂದ ಆಲ್ಪ್ಸ್, ಬಾಲ್ಕನ್, ಟರ್ಕಿ ದಾಟಿ ಹಿಮಾಲಯದವರೆಗೆ, ಅತ್ತ ಆಫ್ರಿಕದ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ, ಮಡಗಾಸ್ಕರ್‌ನಲ್ಲಿ, ಇತ್ತ ನಮ್ಮ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದಲ್ಲಿ ಗೂಡು ಕಟ್ಟುತ್ತದೆ. ಪರ್ಯಾಯ ದ್ವೀಪದ ಪಶ್ಚಿಮದ ಹಕ್ಕಿಗಳನ್ನು ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿ 1965ರಲ್ಲಿ ಬೇರೆ ಉಪಜಾತಿ ಎಂದು ವಿಂಗಡಿಸಿ ಡೊರಾಬ್‌ಟಾಟಾಯ್ ಎಂದು ಹೆಸರಿಟ್ಟರು. ಇಷ್ಟು ವಿಸ್ತಾರದಲ್ಲಿ ಹವೆ, ಕಾಡು, ಮಳೆ ಎಲ್ಲ ಬೇರೆ ಬೇರೆ. ಎಲ್ಲ ಕಡೆ ಒಂದೇ ಆಗಿರುವುದು ಕಡಿದಾದ ಬಂಡೆ ಮತ್ತು ಅದರ ಬಿರುಕು. ಜೋಗದಲ್ಲಿ ಶರಾವತಿ 253 ಮೀಟರ್ ನೇರ ಬೀಳುತ್ತಾಳೆ. ಅಷ್ಟೆತ್ತರದ ಗೋಡೆ, ಅದರಲ್ಲಿ ಅಡ್ಡ ಉದ್ದ ಬಿರುಕುಗಳು, ಹಾವಿಗೂ ಕಾಡುಬೆಕ್ಕಿಗೂ ಹತ್ತಲಾಗದ ಜಾಗ, ಮುಂದೆ ಹಾರಲು ಕಮರಿಯಷ್ಟು ತೆರಪು. ಗೂಡಿಗೆ ಬೇಕಾದದ್ದೆಲ್ಲ ಅಲ್ಲಿದೆ. ಜೋಗದ ಈ ಬಾನಾಡಿಗಳು ನೂರು ವರ್ಷಕ್ಕೂ ಹಿಂದಿನಿಂದ ಹಕ್ಕಿಶಾಸ್ತ್ರದ ಪುಸ್ತಕಗಳಲ್ಲಿ ಉಲ್ಲೇಖವಾಗುತ್ತ ಬಂದಿವೆ.

ನೀರಿನ ಹಿಂದೆಯೇ ಗೂಡೇ ಎಂಬ ನಿಮ್ಮ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಬೇಕು. ಬೀಳುವ ನೀರಿನ ಪರದೆಯನ್ನು ಸೀಳಿ ಹಿಂದಿನ ಬಂಡೆಗೆ ಹೋಗುವ ಬಾನಾಡಿಗಳು ನಿಜಕ್ಕೂ ಇವೆ. ಬ್ರೆಜಿಲ್ ಮತ್ತು ಅರ್ಜೆಂಟೀನಾ ಗಡಿಯ ಇಗ್ವಾಸು ಜಲಪಾತದಲ್ಲಿ ಅಂಥ ದೊಡ್ಡ ಗುಂಪಿದೆ, ಉತ್ತರ ಅಮೆರಿಕದ ಕಪ್ಪು ಬಾನಾಡಿಯೂ ಜಲಪಾತದ ಪಕ್ಕದ ಹಾವಸೆಯ ಒದ್ದೆ ಚಾಚಿನಲ್ಲಿ ಗೂಡು ಮಾಡುತ್ತದೆ. ಅವು ಬೇರೆಯೇ ಕುಲದವು. ಆಲ್ಪೈನ್ ಸ್ವಿಫ್ಟ್‌ನ ಗೂಡು ಎಂಜಲಿನಿಂದ ಅಂಟಿಸಿದ್ದು. ಸದಾ ನೀರು ಸೋರುವ ಕಡೆ ಎಂಜಲು ಮೆತ್ತಗಾಗಿ ಗೂಡು ಕಳಚಿಬೀಳುತ್ತದೆ. ಅದಕ್ಕೆ ಬೇಕಾದ್ದು ಒಣಗಿದ ಬಿರುಕು, ಮೇಲೆ ಚಾಚಿದ ಬಂಡೆ. ರಾಜಾ, ರಾಣಿ, ರೋರರ್, ರಾಕೆಟ್ ಕವಲುಗಳ ನಡುವಿನ ಮತ್ತು ಪಕ್ಕದ ಒಣ ಗೋಡೆಯೊಳಗೆ ಹಕ್ಕಿ ನುಗ್ಗಿದರೆ ಎದುರಿನಿಂದ ನೋಡುವವರಿಗೆ ನೀರಿನೊಳಗೇ ಹೋದಂತೆ ಕಾಣುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಬೇಸಿಗೆಯಲ್ಲಿ ಜಲಪಾತ ಸಣ್ಣ ಧಾರೆಗೆ ಇಳಿಯುತ್ತದೆ. ನೋಡುಗರಿಗೆ ಅದು ನಿರಾಸೆಯಾದರೂ ಬಾನಾಡಿಗೆ ನೀರಿಗಿಂತ ಬಂಡೆ ಮುಖ್ಯ.

ಗೂಡಿನ ಸಾಮಗ್ರಿಯೂ ಗಾಳಿಯಿಂದಲೇ ಬರಬೇಕು, ನೆಲಕ್ಕಿಳಿದು ಆಯುವ ಹಾಗಿಲ್ಲವಲ್ಲ. ಗಾಳಿಗೆ ತೂರಿ ಬಂದ ಗರಿ, ಒಣಹುಲ್ಲಿನ ಎಳೆ, ಬೀಜದ ನವಿರು ಇವನ್ನು ಹಾರುತ್ತಲೇ ಹಿಡಿದು, ಎಂಜಲು ಸೇರಿಸಿ ಬಂಡೆಗೆ ಮೆತ್ತಿ ಆಳವಿಲ್ಲದ ಬಟ್ಟಲು ಮಾಡುತ್ತದೆ. ಅದೇ ಜೋಡಿ ಅದೇ ಬಿರುಕಿಗೆ ವರ್ಷ ವರ್ಷ ಮರಳಿ ಹಳೆಯ ಗೂಡಿಗೇ ಹೊಸ ಪದರ ಹಚ್ಚುತ್ತದೆ. ಒಂದು ಬಿರುಕು ಮುಚ್ಚಿಹೋದರೆ ಆ ವರ್ಷದ ಸಂತಾನವೂ ಹೋಯಿತೆಂದೇ ಇಟ್ಟುಕೊಳ್ಳಬಹುದು.

ಗೂಡಿನೊಳಗೆ ನಡೆಯುವುದರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಸ್ವಿಟ್ಜರ್ಲೆಂಡ್‌ನಿಂದ ಬಂದದ್ದು. ಅಲ್ಲಿ ಸೊಲೊಥರ್ನ್, ಬೀಲ್ ಮೊದಲಾದ ಪಟ್ಟಣಗಳ ಹಳೆಯ ಗೋಪುರ, ಕಟ್ಟಡಗಳ ಸೂರಿನಲ್ಲಿ ಇವು ಗೂಡು ಮಾಡುತ್ತವೆ, ಏಣಿ ಹತ್ತಿ ಕೈಹಾಕಿ ಮರಿಯನ್ನು ತೂಗಬಹುದು, ಕಾಲಿಗೆ ಉಂಗುರ ಹಾಕಬಹುದು. ತಲೆಮಾರುಗಳಿಂದ ನಡೆದ ಆ ಕೆಲಸದಿಂದ ತಿಳಿದದ್ದು ಇದು: ವರ್ಷಕ್ಕೆ ಒಂದೇ ಸಲ ಮೊಟ್ಟೆ, ಸಾಮಾನ್ಯವಾಗಿ ಎರಡು ಅಥವಾ ಮೂರು, ಅಪರೂಪಕ್ಕೆ ಒಂದು ಇಲ್ಲವೇ ನಾಲ್ಕು, ಬಣ್ಣ ಅಚ್ಚ ಬಿಳಿ. ಗಂಡು ಹೆಣ್ಣು ಸರದಿಯಲ್ಲಿ ಸುಮಾರು 20 ದಿನ ಕಾವು ಕೊಡುತ್ತವೆ. ಮರಿ ಗೂಡು ಬಿಡಲು 50ರಿಂದ 70 ದಿನ. ಗುಬ್ಬಿಮರಿ ಎರಡು ವಾರದಲ್ಲಿ ಮುಗಿಸುವ ಕೆಲಸಕ್ಕೆ ಇದು ಎರಡು ತಿಂಗಳು ತೆಗೆದುಕೊಳ್ಳುತ್ತದೆ. ಮೊದಲ ಸಲ ಮೊಟ್ಟೆ ಇಡುವುದು ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ. ಬದುಕು ಮಾತ್ರ ದೀರ್ಘ, ಉಂಗುರ ಹಾಕಿದ ಒಂದು ಹಕ್ಕಿ 26 ವರ್ಷ ಬಾಳಿದ ದಾಖಲೆ ಇದೆ. ಕಡಿಮೆ ಮರಿ, ತಡವಾದ ಸಂಸಾರ, ದೀರ್ಘಾಯುಸ್ಸು ಇರುವ ಹಕ್ಕಿಗಳಲ್ಲಿ ಒಂದು ಬೆಳೆದ ಹಕ್ಕಿ ಸತ್ತರೆ ಅದರ ಜಾಗ ತುಂಬಲು ವರ್ಷಗಳೇ ಹಿಡಿಯುತ್ತವೆ. ನಿಮ್ಮ ಅಂಗಳದ ಒಂದು ಹಕ್ಕಿಯ ಬಗ್ಗೆ ಇಷ್ಟು ಉದ್ದಕ್ಕೆ ಬರೆದದ್ದು ಅದಕ್ಕಾಗಿಯೇ.

ಮರಿ ಅಷ್ಟು ನಿಧಾನ ಬೆಳೆಯಲು ಕಾರಣ ಹವೆ. ಹಾರುವ ಹುಳ ಬಿಸಿಲಿದ್ದರೆ ಉಂಟು, ಮಳೆ ಚಳಿ ಬಂದರೆ ಇಲ್ಲ. ತಂದೆತಾಯಿ ಹಿಡಿದ ನೂರಾರು ಕೀಟಗಳನ್ನು ಗಂಟಲಿನಲ್ಲಿ ಎಂಜಲಿನೊಡನೆ ಉಂಡೆ ಕಟ್ಟಿ ತರುತ್ತವೆ: ನೊಣ, ರೆಕ್ಕೆಯಿರುವೆ, ಜೀರುಂಡೆ, ತಿಗಣೆ ಜಾತಿಯವು, ಜೇನಿನ ಗಂಡುನೊಣ. ಒಳ್ಳೆಯ ದಿನ ಒಂದರ ಹಿಂದೆ ಒಂದು ಉಂಡೆ ಬರುತ್ತದೆ. ಕೆಟ್ಟ ಹವೆ ಹಿಡಿದರೆ ದಿನಗಟ್ಟಲೆ ಏನೂ ಸಿಗದೆ ಇರಬಹುದು. ಆಗ ಮರಿ ಮೈಯ ಬಿಸಿಯನ್ನು ತಗ್ಗಿಸಿ, ಒಂದಕ್ಕೊಂದು ಒತ್ತಿಕೊಂಡು, ಬೆಳವಣಿಗೆಯನ್ನೇ ನಿಲ್ಲಿಸಿ ಕಾಯುತ್ತದೆ. ಹುಳ ಮತ್ತೆ ಸಿಗತೊಡಗಿದಾಗ ವೇಗವಾಗಿ ಬೆಳೆದು ಹಿಂದುಳಿದದ್ದನ್ನು ಹಿಡಿಯುತ್ತದೆ. ಗೂಡು ಬಿಡುವ ವಯಸ್ಸಿನಲ್ಲಿ 50ಕ್ಕೂ 70ಕ್ಕೂ ಇಷ್ಟು ಅಂತರ ಇರುವುದು ಇದರಿಂದ. ಆಗ ಹೇಳಿದ ಚಪ್ಪಟೆ ನೊಣ, ಕ್ರೇಟರೀನಾ ಮೆಲ್ಬೀ, ಇನ್ನೊಂದು ಕಾರಣ. ಅದಕ್ಕೆ ಹಾರಲು ಬಾರದು. ಮರಿಯ ರಕ್ತ ಹೀರಿ ಬದುಕುತ್ತದೆ, ಅದರ ಕೋಶಗಳು (ಪ್ಯೂಪಾ) ಗೂಡಿನಲ್ಲೇ ಉಳಿದು ಮುಂದಿನ ವರ್ಷ ಬಾನಾಡಿ ಮರಳುವ ಹೊತ್ತಿಗೆ ಒಡೆಯುತ್ತವೆ. ನೊಣ ಹೆಚ್ಚಿದ್ದ ಗೂಡಿನ ಮರಿಗಳು ತಡವಾಗಿ ಹಾರುತ್ತವೆ ಎಂದು ಸ್ವಿಸ್ ಅಧ್ಯಯನಗಳು ತೋರಿಸಿವೆ.

ಹಾರುವುದಕ್ಕೆ ತಾಲೀಮು ಇಲ್ಲ. ಕೊಂಬೆಯಿಂದ ಕೊಂಬೆಗೆ ನೆಗೆದು ಕಲಿಯಲು ಇಲ್ಲಿ ಕೊಂಬೆಯೇ ಇಲ್ಲ. ಬಂಡೆಯಿಂದ ಮೊದಲ ಸಲ ಉಗುರು ಬಿಟ್ಟ ಕ್ಷಣದಿಂದ ಮರಿ ಪೂರ್ಣ ಹಾರುಗ. ಬಾನಾಡಿಗಳಲ್ಲಿ ಇದರ ನಂಟ, ಯುರೋಪಿನ ಸಾಮಾನ್ಯ ಬಾನಾಡಿಯ ಮರಿಗಳು ಗೂಡಿನ ತಳಕ್ಕೆ ರೆಕ್ಕೆ ಊರಿ ಮೈ ಎತ್ತಿ ಇಳಿಸುವುದನ್ನೂ ಹೊರಡುವ ಮೊದಲು ಹೆಚ್ಚಿನ ತೂಕ ಕರಗಿಸಿಕೊಳ್ಳುವುದನ್ನೂ ಅಳೆದು ನೋಡಿದ್ದಾರೆ. ಹೊತ್ತಿಗೆ ಮೊದಲು ಬಿದ್ದ ಮರಿಗೆ ಈ ಸಿದ್ಧತೆ ಆಗಿರುವುದಿಲ್ಲ, ಅದನ್ನು ಹಾರಿಬಿಡಬಾರದು ಎಂದದ್ದರ ಹಿಂದಿನ ಕಾರಣ ಇದೇ.

ಗಾಳಿಯಲ್ಲಿ ಎಷ್ಟು ಹೊತ್ತು ಇರಬಲ್ಲದು? 2011ರಲ್ಲಿ ಸ್ವಿಟ್ಜರ್ಲೆಂಡ್‌ನ ಬಾಡೆನ್‌ನಲ್ಲಿ ಆರು ಹಕ್ಕಿಗಳ ಬೆನ್ನಿಗೆ ಬೆಳಕು ಮತ್ತು ಚಲನೆಯನ್ನು ದಾಖಲಿಸುವ ಪುಟ್ಟ ಉಪಕರಣ ಕಟ್ಟಿ ಬಿಟ್ಟರು. ಮರುವರ್ಷ ಮೂರು ಸಿಕ್ಕವು. ಪಶ್ಚಿಮ ಆಫ್ರಿಕಕ್ಕೆ ಹೋಗಿ, ಚಳಿಗಾಲ ಕಳೆದು, ವಾಪಸು ಬರುವ ಆ ಅವಧಿಯಲ್ಲಿ ಅವು 200 ದಿನಗಳಿಗೂ ಹೆಚ್ಚು ಎಲ್ಲೂ ಇಳಿದ ಗುರುತು ಇರಲಿಲ್ಲ. ಫೆಲಿಕ್ಸ್ ಲೀಕ್ಟಿ ಮತ್ತು ಸಂಗಡಿಗರು 2013ರಲ್ಲಿ ಇದನ್ನು ಪ್ರಕಟಿಸಿದರು. ರಾತ್ರಿ ರೆಕ್ಕೆಯ ಚಟುವಟಿಕೆ ತಗ್ಗಿದರೂ ಹಾರಾಟ ನಿಲ್ಲುತ್ತಿರಲಿಲ್ಲ. ತೇಲುತ್ತ ನಿದ್ದೆ ಮಾಡುತ್ತವೆ ಎಂದು ಇದರಿಂದ ಊಹಿಸುತ್ತಾರೆ. ಆಕಾಶದಲ್ಲಿ ನಿದ್ರಿಸುವ ಹಕ್ಕಿಯ ಮಿದುಳಿನ ಅಲೆಗಳನ್ನೇ ಅಳೆದದ್ದು ಸಮುದ್ರದ ಫ್ರಿಗೇಟ್ ಹಕ್ಕಿಯಲ್ಲಿ, 2016ರಲ್ಲಿ. ನಮ್ಮ ಘಟ್ಟದ ಬಾನಾಡಿಗಳು ಯುರೋಪಿನವುಗಳಂತೆ ಖಂಡ ದಾಟುವ ವಲಸೆಗಾರರಲ್ಲ. ಸಂಜೆ ಬಂಡೆಗೆ ಮರಳಿ ರಾತ್ರಿ ನೇತುಹಾಕಿಕೊಂಡು ಕಳೆಯುತ್ತವೆ, ನೀವು ನೋಡಿದ್ದು ಆ ಮರಳುವ ಹೊತ್ತನ್ನು.

ಮಳೆಗಾಲದ ಪ್ರಶ್ನೆ ಉಳಿಯಿತು. ಮೊದಲ ಮಳೆ ಬಾನಾಡಿಗೆ ಹಬ್ಬ: ಗೆದ್ದಲಿನ ಈಸಲು ಹುಳ ಹುತ್ತದಿಂದ ಸಾವಿರಗಟ್ಟಲೆ ಮೇಲೇಳುತ್ತದೆ, ಬಾನಾಡಿಗಳು ಎಲ್ಲಿಂದಲೋ ಬಂದು ಸೇರುತ್ತವೆ. ಗುಡುಗುಮಳೆಯ ಮುಂದಿನ ಏರುಗಾಳಿ ಸಣ್ಣ ಕೀಟಗಳನ್ನು ಮೇಲಕ್ಕೆ ತಳ್ಳುವುದರಿಂದ ಮೋಡದಂಚಿನಲ್ಲಿ ಅವು ಗುಂಪಾಗಿ ಕಾಣುತ್ತವೆ. ಕಷ್ಟ ಬರುವುದು ಎಡೆಬಿಡದ ಜಡಿಮಳೆಯಲ್ಲಿ. ಆಗ ಮಳೆ ಬಿಟ್ಟಿರುವ ಕಡೆಗೆ, ಘಟ್ಟದ ಪೂರ್ವದ ಬಯಲಿನತ್ತ ದೂರ ಹೋಗಿ ಮೇಯುವಷ್ಟು ವೇಗ ಅದಕ್ಕಿದೆ. ಗಾಳಿಮಳೆಗೆ ಸಿಕ್ಕಿ ನೆನೆದು, ಹೊಟ್ಟೆಗಿಲ್ಲದೆ ಬಸವಳಿದ ಒಂದೆರಡು ನೆಲಕ್ಕೆ ಬೀಳುವುದೂ ಇದೇ ದಿನಗಳಲ್ಲಿ. ಜೂನ್‌ನಲ್ಲಿ ನಿಮ್ಮ ಅಂಗಳಕ್ಕೆ ಬಂದದ್ದು ಅಂಥದೇ ಇರಬೇಕು.

ಜಗತ್ತಿನ ಮಟ್ಟದಲ್ಲಿ ಈ ಹಕ್ಕಿ ಅಪಾಯದಲ್ಲಿಲ್ಲ. ಆದರೆ ಒಂದೇ ಬಂಡೆಯಲ್ಲಿ ಗುಂಪಾಗಿ ಇರುವ ಹಕ್ಕಿಗೆ ಆ ಬಂಡೆಗೆ ಆಗುವುದೇ ಎಲ್ಲ. ಶಾಹೀನ್ ಡೇಗೆ ಬಂದು ಒಂದನ್ನು ಹಿಡಿದರೆ ಅದು ಲೆಕ್ಕದೊಳಗಿನ ನಷ್ಟ. ಡ್ರೋನ್, ಪಟಾಕಿ, ಕತ್ತಲಾದ ಮೇಲೆ ಗೋಡೆಗೆ ಬಿಡುವ ಪ್ರಖರ ದೀಪ ಹಾಗಲ್ಲ. ಹಕ್ಕಿಗಳು ಬಿರುಕಿಗೆ ಮರಳುವ ಆ ಮುಕ್ಕಾಲು ಗಂಟೆ ಕಮರಿಯೊಳಗೆ ಡ್ರೋನ್ ಹಾರಿಸುವುದನ್ನು ತಡೆಯಲೇಬೇಕು. ವೀಕ್ಷಣಾ ಸ್ಥಳ, ರಸ್ತೆ, ಕಾಲುದಾರಿಯ ಕೆಲಸಕ್ಕೆ ಬಂಡೆಗೆ ಸಿಮೆಂಟ್ ಚಿಮ್ಮಿಸುವ, ಬಲೆ ಹೊದಿಸುವ ಮೊದಲು ಯಾವ ಬಿರುಕಿಗೆ ಹಕ್ಕಿ ಹೋಗುತ್ತದೆಂದು ಒಂದು ವಾರ ಸಂಜೆ ನೋಡಿ ಗುರುತು ಹಾಕಿಸುವುದು ಕಷ್ಟದ ಕೆಲಸವಲ್ಲ. ಸ್ವಿಸ್ ಪಟ್ಟಣಗಳಲ್ಲಿ ಗೋಪುರ ದುರಸ್ತಿಯನ್ನು ಹಕ್ಕಿ ಇಲ್ಲದ ತಿಂಗಳುಗಳಿಗೆ ಇಟ್ಟುಕೊಂಡು, ಹಳೆಯ ತೂತುಗಳನ್ನು ಹಾಗೇ ಉಳಿಸುತ್ತಾರೆ.

ನೀವು ಸಾಗರದವರಾದ್ದರಿಂದ ಒಂದು ಕೆಲಸ ಹೇಳಬಹುದು, ಪ್ರವಾಸಿಗರಿಗೆ ಇದು ಆಗದು. ತಿಂಗಳಿಗೆ ಎರಡು ಸಂಜೆ, ಸೂರ್ಯ ಮುಳುಗುವ ಒಂದು ಗಂಟೆ ಮೊದಲು, 8x42 ದುರ್ಬೀನು ಹಿಡಿದು ಒಂದೇ ಜಾಗದಲ್ಲಿ ನಿಲ್ಲಿ. ಇಬ್ಬರಿದ್ದರೆ ಬಂಡೆಯನ್ನು ಎರಡು ಭಾಗ ಮಾಡಿಕೊಳ್ಳಿ. ಐದೈದು ನಿಮಿಷಕ್ಕೆ ಒಳಹೋದವೆಷ್ಟು, ಹೊರಬಂದವೆಷ್ಟು ಎಂದು ಬೇರೆ ಬೇರೆ ಬರೆದು ಕಳೆಯಿರಿ. ಗಾಳಿಯಲ್ಲಿ ಸುತ್ತುವವನ್ನು ಎಣಿಸಿದರೆ ಒಂದನ್ನೇ ಹತ್ತು ಸಲ ಎಣಿಸುತ್ತೀರಿ. ಬಾಯಲ್ಲಿ ಗರಿ ಅಥವಾ ಹುಲ್ಲು ಕಂಡರೆ ಗೂಡು ಕಟ್ಟುವ ಕಾಲ. ಗಂಟಲು ಉಬ್ಬಿ ಕಂಡ ಹಕ್ಕಿ ಬಿರುಕಿಗೆ ಹೋಗಿ ಒಂದೆರಡು ನಿಮಿಷದಲ್ಲಿ ಗಂಟಲು ಇಳಿದು ಹೊರಬಂದರೆ ಒಳಗೆ ಮರಿ ಇದೆ. ಹಗಲಿನಲ್ಲೂ ಅದೇ ಬಿರುಕಿಗೆ ಹಕ್ಕಿಗಳ ಓಡಾಟವಿದ್ದರೆ ಅದು ಬರೀ ರಾತ್ರಿ ತಂಗುವ ಜಾಗವಲ್ಲ, ಗೂಡು. ಗುಂಪಿನಲ್ಲಿ ಹಣೆಯ ಮತ್ತು ರೆಕ್ಕೆಯ ಗರಿಗಳಿಗೆ ಮಾಸಲು ಬಿಳಿ ಅಂಚಿರುವ ಹಕ್ಕಿಗಳು ಹೆಚ್ಚಿದರೆ ಅವು ಆ ವರ್ಷದ ಮರಿಗಳು. ಮಂಜು ಮುಚ್ಚಿ ಏನೂ ಕಾಣದ ಸಂಜೆಯನ್ನೂ ಹಾಗೆಂದೇ ದಾಖಲಿಸಿ, ಸೊನ್ನೆ ಎಂದು ಬರೆಯಬೇಡಿ. ದಿನಾಂಕ, ಹೊತ್ತು, ಹವೆ, ನದಿಯ ಯಾವ ದಡದಿಂದ ನೋಡಿದಿರಿ ಎಂಬುದನ್ನು ಸೇರಿಸಿ, ಹಕ್ಕಿ ನೋಡಿದ ದಾಖಲೆಗಳನ್ನು ಎಲ್ಲರೂ ಸೇರಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿ.